ಸಹಾಯ ಬೇಕು: ಮೊದಲು ಅನುದಾನವೋ, ನೈತಿಕ ಸಮಿತಿಯ ಒಪ್ಪಿಗೆಯೋ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಕಳೆದ ವರ್ಷ ಜೀವರಸಾಯನಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿಯಾಗಿ ಸೇರಿದ ನಾನು, ಯಾದಗಿರಿ ಜಿಲ್ಲೆಯ ಶಾಲಾ ಮಕ್ಕಳಲ್ಲಿ ಫ್ಲೋರೈಡ್‌ಗೂ ರಕ್ತಹೀನತೆಗೂ ಇರಬಹುದಾದ ಸಂಬಂಧವನ್ನು ಅಧ್ಯಯನ ಮಾಡಲು ನನ್ನ ಮೊದಲ ಅನುದಾನದ ಪ್ರಸ್ತಾವನೆಯನ್ನು ಸಿದ್ಧಪಡಿಸಿದ್ದೇನೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅಲ್ಲಿನ ತಾಂಡಾವೊಂದರಲ್ಲಿ ಒಂಬತ್ತು ವರ್ಷದ ಹುಡುಗಿ ನಕ್ಕಾಗ ಮುಂದಿನ ಹಲ್ಲುಗಳ ಮೇಲೆ ಕಂಡ, ಫ್ಲೋರೈಡ್ ಹೆಚ್ಚಾದಾಗ ಮೂಡುವಂಥ ಕಂದು ಗೆರೆಗಳು ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ.

ಮಕ್ಕಳ ರಕ್ತದ ಮಾದರಿ ಪಡೆಯಲು, ಸಂಶೋಧನೆಯಲ್ಲಿ ಭಾಗವಹಿಸುವವರ ಸುರಕ್ಷತೆ ಮತ್ತು ಹಕ್ಕುಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ. ನಮ್ಮ ಕಾಲೇಜಿನಲ್ಲಿ ಅಂಥ ಸಮಿತಿಯೇ ಇಲ್ಲ. ಬೇರೆ ಸಂಸ್ಥೆಯ ಸಮಿತಿಯನ್ನು ಒಡಂಬಡಿಕೆಯ ಮೂಲಕ ಬಳಸಿಕೊಳ್ಳಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಅವಕಾಶವಿರುವುದರಿಂದ, ಅದರ ಪ್ರತಿಯನ್ನು ಹಿಡಿದು ವೈದ್ಯಕೀಯ ಕಾಲೇಜೊಂದಕ್ಕೆ ಮೂರು ಸಲ ಹೋಗಿ ಬಂದೆ. ಅನುದಾನ ಮಂಜೂರಾದ ಪತ್ರ ತಂದರೆ ಪರಿಶೀಲಿಸುತ್ತೇವೆ ಎನ್ನುತ್ತಾರೆ. ಅನುದಾನದ ಅರ್ಜಿಯಲ್ಲಿ ನೋಡಿದರೆ ಸಮಿತಿಯ ಒಪ್ಪಿಗೆ ಪತ್ರವನ್ನೇ ಲಗತ್ತಿಸಬೇಕೆಂದಿದೆ. ಎರಡರಲ್ಲಿ ಒಂದಾದರೂ ಕೈಗೆ ಬಾರದೆ ಸಹಿ ಮಾಡಲು ನಮ್ಮ ಪ್ರಾಂಶುಪಾಲರು ಒಪ್ಪುತ್ತಿಲ್ಲ.

ಸ್ವಂತ ಸಮಿತಿಯಿಲ್ಲದ ಕಾಲೇಜಿನಿಂದ ಅನುದಾನ ಪಡೆದವರು ಈ ಭಾಗದಲ್ಲಿ ಯಾರಾದರೂ ಇದ್ದೀರಾ? ಒಪ್ಪಿಗೆಯ ಬದಲು, ಸಮಿತಿಗೆ ಅರ್ಜಿ ಸಲ್ಲಿಸಿದ ಸ್ವೀಕೃತಿ ಪತ್ರವನ್ನು ಲಗತ್ತಿಸಿದರೆ ಪ್ರಸ್ತಾವನೆಯನ್ನು ಪರಿಗಣಿಸುತ್ತಾರೆಯೇ, ದಯವಿಟ್ಟು ತಿಳಿಸಿ.