ಇಂಪ್ರೆಶನಿಸ್ಟ್ ಅನ್ನುವ ಹೆಸರು ಇಟ್ಟವರು ಯಾರು?

ಪ್ರಶ್ನೆ: ಸರ್, ಮಗಳು ಚಿತ್ರಕಲೆ ಓದುತ್ತಿದ್ದಾಳೆ. ಮೊನೆ, ರೆನ್ವಾ, ದೆಗಾ ಎಲ್ಲರನ್ನೂ ಇಂಪ್ರೆಶನಿಸ್ಟ್ ಅಂತಾರೆ. ಇದು ಅವರೇ ಇಟ್ಟುಕೊಂಡ ಹೆಸರಾ? ಮಸುಕಾಗಿ ಬಿಡಿಸಿದರೆ ಇಂಪ್ರೆಶನಿಸ್ಟ್ ಆಗಿಬಿಡ್ತಾರಾ?

ಉತ್ತರ (ಚಿತ್ರಕಲಾ ಶಿಕ್ಷಕ): ಇಲ್ಲ ಮೇಡಂ, ಗೇಲಿ ಮಾಡಿದವರು ಅಂಟಿಸಿದ ಹೆಸರು. 1874ರ ಏಪ್ರಿಲ್ 15ರಂದು ಪ್ಯಾರಿಸ್ಸಿನಲ್ಲಿ ಸುಮಾರು 30 ಕಲಾವಿದರು ಸೇರಿ ಸ್ವಂತ ಪ್ರದರ್ಶನ ಶುರು ಮಾಡಿದರು. ಫೋಟೋಗ್ರಾಫರ್ ನಾದಾರ್ ಅವರ ಹಳೆಯ ಸ್ಟುಡಿಯೋದಲ್ಲಿ. ಸಲೋನ್ ಎಂಬ ಅಧಿಕೃತ ಪ್ರದರ್ಶನದ ತೀರ್ಪುಗಾರರ ಹಂಗು ಅವರಿಗೆ ಬೇಡವಾಗಿತ್ತು.

ಅಲ್ಲಿ ಮೊನೆ ಅವರದೊಂದು ಚಿತ್ರವಿತ್ತು. ಲ ಹಾವ್ರ್ ಬಂದರು, ಮಂಜು, ಕಿತ್ತಳೆ ಬಣ್ಣದ ಸೂರ್ಯ. ಕ್ಯಾಟಲಾಗಿಗೆ ಹೆಸರು ಕೇಳಿದಾಗ, ಅದನ್ನು ಊರಿನ ನೋಟ ಅನ್ನೋಕೆ ಆಗಲ್ಲ ಅಂತ ‘ಇಂಪ್ರೆಶನ್’ ಎಂದು ಹಾಕಿಸಿದೆ ಅಂತ ಮೊನೆ ಆಮೇಲೆ ನೆನಪಿಸಿಕೊಂಡರು. ಸುಮ್ನೆ ಹೊಳೆದ ಪದವಲ್ಲ ಅದು. ಕಂಡದ್ದನ್ನು ಸ್ಥಳದಲ್ಲೇ ಬೇಗ ಬೇಗ ಹಿಡಿದ ಚಿತ್ರಕ್ಕೆ ಆಗಿನ ಪೇಂಟರ್‌ಗಳು ಬಳಸುತ್ತಿದ್ದ ಮಾತು.

ಏಪ್ರಿಲ್ 25ಕ್ಕೆ ‘ಲ ಶಾರಿವಾರಿ’ ಎಂಬ ಹಾಸ್ಯಪತ್ರಿಕೆಯಲ್ಲಿ ಲೂಯಿ ಲೆರ್ವಾ ‘ಇಂಪ್ರೆಶನಿಸ್ಟರ ಪ್ರದರ್ಶನ’ ಅಂತ ತಲೆಬರಹ ಕೊಟ್ಟರು. ಗೋಡೆಗೆ ಅಂಟಿಸುವ ಕಾಗದದ ಕಚ್ಚಾ ನಕ್ಷೆಯೂ ಮೊನೆ ಅವರ ಈ ಕಡಲಿನ ಚಿತ್ರಕ್ಕಿಂತ ಪೂರ್ತಿಯಾಗಿರುತ್ತದೆ ಅಂತ ಹಂಗಿಸಿದರು. ನಾಲ್ಕೇ ದಿನಕ್ಕೆ ಕಾಸ್ತನ್ಯಾರಿ ಎಂಬ ವಿಮರ್ಶಕರು ಅದೇ ಪದ ಹಿಡಿದು ಇವರ ಪರ ಬರೆದರು: ಇವರು ಬಿಡಿಸುವುದು ನೋಟವನ್ನಲ್ಲ, ನೋಟ ನಮ್ಮೊಳಗೆ ಎಬ್ಬಿಸುವ ಅನುಭವವನ್ನು. ನನ್ನ ಮಟ್ಟಿಗೆ ಈ ಪದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥವಿಲ್ಲ.

ಮಸುಕಿನ ವಿಚಾರಕ್ಕೆ ಬಂದರೆ, ಮಗಳಿಗೆ ಒಂದು ಕೆಲಸ ಹೇಳಿ. ಆ ಚಿತ್ರವನ್ನು ಫೋನಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಲಿ. ಸೂರ್ಯ ಹೆಚ್ಚುಕಮ್ಮಿ ಮಾಯ! ಸುತ್ತಲಿನ ಮೋಡಕ್ಕೂ ಅವನಿಗೂ ಹೊಳಪು ಒಂದೇ. ನೀಲಿ-ಬೂದಿಯ ನಡುವೆ ಕಿತ್ತಳೆ ಇರುವುದರಿಂದಲೇ ಅವನು ಉರಿಯುವಂತೆ ಕಾಣುತ್ತಾನೆ. ಇಷ್ಟು ಲೆಕ್ಕ ಇಟ್ಟು ಬಣ್ಣ ಹಚ್ಚಿದ್ದನ್ನು ಮಸುಕು ಅನ್ನೋದು ಸರಿಯಲ್ಲ, ಅಲ್ವಾ?

ಇನ್ನೊಬ್ಬರ ಪ್ರಶ್ನೆ: ಇಂಪ್ರೆಶನಿಸ್ಟರು ಅಂದ್ರೆ ಹೊರಗೆ ಹೋಗಿ ಬಿಡಿಸಿದವರು ಅಂತಾರೆ. ದೆಗಾ ಡಾನ್ಸರ್‌ಗಳನ್ನು ಒಳಗೇ ಕೂತು ಬಿಡಿಸಿದವರಲ್ವಾ ಸರ್? ಅವರು ಹೇಗೆ ಈ ಗುಂಪಿಗೆ?

ಉತ್ತರ: ಒಳ್ಳೆ ಪ್ರಶ್ನೆ. ಗುಂಪು 1877ರ ಮೂರನೇ ಪ್ರದರ್ಶನಕ್ಕೆ ಈ ಹೆಸರನ್ನೇ ಒಪ್ಪಿಕೊಂಡಿತು. ದೆಗಾ ಅವರಿಗೆ ಮಾತ್ರ ಕೊನೆವರೆಗೂ ಹಿಡಿಸಲಿಲ್ಲ, ‘ಸ್ವತಂತ್ರರು’ ಅನ್ನಿ ಅಂತಿದ್ದರು. ಆದರೂ 1886ರವರೆಗೆ ನಡೆದ ಎಂಟು ಪ್ರದರ್ಶನಗಳಲ್ಲಿ ಏಳರಲ್ಲಿ ಅವರ ಚಿತ್ರಗಳಿದ್ದವು. ಎಂಟರಲ್ಲೂ ಇದ್ದವರು ಇದೇ ಗುಂಪಿನ ಕಲಾವಿದ ಪಿಸಾರೊ ಒಬ್ಬರೇ.