ಸಹಾಯ ಬೇಕು: ಅಜಿನ್‌ಕೂರ್ ಕದನದ ಮಾದರಿಯಲ್ಲಿ ಅಶ್ವದಳ ಎಲ್ಲಿ ನಿಲ್ಲಬೇಕು?

1415ರ ಅಕ್ಟೋಬರ್ 25ರಂದು ಫ್ರಾನ್ಸ್‌ನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ ಅಜಿನ್‌ಕೂರ್ ಕದನವನ್ನು ಮೇಜಿನ ಮೇಲೆ ತೋರಿಸುವ ಪುಟ್ಟ ಮಾದರಿಯಲ್ಲಿ ಫ್ರೆಂಚ್ ಭಾರೀ ಅಶ್ವದಳ ಎಲ್ಲಿರಬೇಕು, ಬಲ್ಲವರು ದಯವಿಟ್ಟು ಹೇಳಿ. ಸದ್ಯ ಫ್ರೆಂಚ್ ಸಾಲಿನ ಎರಡೂ ಅಂಚಿನಲ್ಲಿದೆ. ಇಂಗ್ಲಿಷ್ ಬಿಲ್ಲುಗಾರರನ್ನು ತುಳಿದು ಚದುರಿಸುವುದೇ ಅದರ ಕೆಲಸವಾಗಿತ್ತು. ಆದರೆ ಅಜಿನ್‌ಕೂರ್, ಟ್ರಾಮ್‌ಕೂರ್ ಕಾಡುಗಳು ಇಕ್ಕೆಲದಲ್ಲೂ ಒತ್ತಿಕೊಂಡಿರುವುದರಿಂದ ಬಳಸಿ ಹೋಗಲು ದಾರಿಯೇ ಇಲ್ಲ. ನೇರ ನುಗ್ಗಿದರೆ ಉತ್ತ ಹೊಲದ ಕೆಸರಿನಲ್ಲಿ ಗೊರಸು ಹೂತು ವೇಗ ಸಾಯುತ್ತದೆ, ಎದುರಿಗೆ ಸವಾರರತ್ತ ಓರೆಯಾಗಿ ನೆಟ್ಟ ಆರಡಿಯ ಚೂಪು ಗೂಟಗಳು. ಬಾಣ ತಗುಲಿ ಬೆದರಿದ ಕುದುರೆಗಳು ಹಿಂದಿರುಗಿ, ನಡೆದು ಬರುತ್ತಿದ್ದ ತಮ್ಮದೇ ಪಡೆಯೊಳಗೆ ನುಗ್ಗಿದವು. ಮಾದರಿಯಲ್ಲಿ ಈ ಡಿಕ್ಕಿ ಕಾಣಲೇಬೇಕು. ಹಾಗಾದರೆ ಅಶ್ವದಳಕ್ಕೂ ಕಾಲಾಳು ಸಾಲಿಗೂ ನಡುವೆ ಎಷ್ಟು ಅಂತರ ಬಿಡಬೇಕು? ಕುದುರೆ ಮೇಲೇ ಉಳಿದ ಹಿಂದಿನ ಸಾಲನ್ನು ಎಷ್ಟು ದೂರದಲ್ಲಿಡಬೇಕು? 1214ರಲ್ಲಿ ಫ್ರೆಂಚರು ತೆರೆದ ಬಯಲಿನಲ್ಲಿ ಹೋರಾಡಿದ ಬೂವೀನ್ ಕದನದ ಅಂತರಗಳ ಲೆಕ್ಕ ಈ ಇಕ್ಕಟ್ಟಿಗೆ ಹೊಂದುತ್ತಿಲ್ಲ.