ಮಗಳ ಹೃದಯದ ಸುತ್ತ ನೀರು: ಅನುಭವ ಇದ್ದವರು ದಯವಿಟ್ಟು ಹೇಳಿ

ನಮಸ್ಕಾರ. ನಾವು ಚಿಂತಾಮಣಿ ಕಡೆಯವರು. ಮಗಳು ಎರಡನೇ ಕ್ಲಾಸು. ಜ್ವರ ಬಿಟ್ಟ ಮೇಲೂ ಎದೆನೋವು ಅಂತಿದ್ದಳು. ಮಲಗಿದರೆ ನೋವು ಜಾಸ್ತಿ, ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಆರಾಮ. ಇಲ್ಲಿ ಗ್ಯಾಸ್ಟ್ರಿಕ್ ಸಿರಪ್ ಕೊಟ್ಟರು, ಕಡಿಮೆ ಆಗಲಿಲ್ಲ. ಬೆಂಗಳೂರಿನಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಗೊತ್ತಾಯಿತು. ರಿಪೋರ್ಟಿನಲ್ಲಿ ಪೆರಿಕಾರ್ಡಿಯಲ್ ಎಫ್ಯೂಷನ್ ಅಂತಿದೆ, ಅಂದರೆ ಹೃದಯದ ಸುತ್ತಲಿನ ಚೀಲದಲ್ಲಿ ನೀರು ತುಂಬಿರೋದು.

ವೈರಲ್ ಜ್ವರದಿಂದ ಆಗಿರಬಹುದಂತೆ. ಟಿಬಿಯಿಂದಲೂ ಆಗುತ್ತದೆ ಅಂತ ಅದರ ಟೆಸ್ಟಿಗೂ ಕಳಿಸಿದ್ದಾರೆ. ನೀರು ಸ್ವಲ್ಪವೇ ಇದೆ, ಸೂಜಿ ಹಾಕಿ ತೆಗೆಯೋದು ಈಗ ಬೇಡ, ಉರಿಯೂತ ಇಳಿಸುವ ಐಬುಪ್ರೊಫೆನ್ ಕೊಟ್ಟು ಮತ್ತೆ ಎಕೋ ನೋಡೋಣ ಅಂದರು ಡಾಕ್ಟರು. ಮನೆಯಲ್ಲಿ ಅತ್ತೆ, "ನೀರಿದ್ದ ಮೇಲೆ ತೆಗೆಸಲೇಬೇಕಲ್ವಾ?" ಅಂತಾರೆ. ನನಗೆ ಡಾಕ್ಟರ ಮೇಲೆ ನಂಬಿಕೆ ಇದೆ. ಆದರೆ ನೀರು ಬೇಗ ಹೆಚ್ಚಿದರೆ ಹೃದಯವನ್ನೇ ಒತ್ತುತ್ತದೆ ಅಂದರಲ್ಲ, ಅದೇ ಭಯ. ರಾತ್ರಿಯೆಲ್ಲ ಅವಳ ಉಸಿರು ನೋಡುತ್ತಾ ಕೂರುತ್ತೇನೆ. ಉಸಿರಾಡಲು ಕಷ್ಟವಾದರೆ, ತಲೆ ಸುತ್ತಿದರೆ, ಕೈಕಾಲು ತಣ್ಣಗಾದರೆ ತಕ್ಷಣ ಕರೆತನ್ನಿ ಅಂದಿದ್ದಾರೆ. ಬೆಂಗಳೂರು ಇಲ್ಲಿಗೆ ಹತ್ತಿರವಿಲ್ಲ.

ನಾಟಿ ಔಷಧಿ ದಯವಿಟ್ಟು ಹೇಳಬೇಡಿ. ನಿಮ್ಮ ಮಕ್ಕಳಿಗೆ ಹೀಗಾಗಿದ್ದರೆ ಇಷ್ಟು ಹೇಳಿ: ಔಷಧಿಯಲ್ಲೇ ನೀರು ಇಳಿಯಿತಾ? ಹೆಚ್ಚಾಗಿದ್ದರೆ, ಮಗುವಿನಲ್ಲಿ ಮೊದಲು ಏನು ಬದಲಾವಣೆ ಕಂಡಿತು?